ಹೆಸರು ಕೇಳದ ಬೀದಿ

1

ಕಳೆದ ನಾಲ್ಕೈದು ದಶಕಗಳಲ್ಲಿ ದಲಿತ ವಿಮರ್ಶೆ ಎಂಬ ಹೆಸರಿನಲ್ಲಿ ಬಂದ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ‘ಕೇರಿ’ ಎಂಬ ಪದ ಪುಟಪುಟಕ್ಕೂ ಎದುರಾಗುತ್ತದೆ. ನೋವಿನ ನೆಲೆಯಾಗಿ, ಅಸ್ಮಿತೆಯ ಬೇರಾಗಿ, ಬಂಡಾಯದ ಒಡಲಾಗಿ ಕೇರಿಯನ್ನು ನಾವು ಓದಿದ್ದೇವೆ. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಕೇರಿ ಎಂಬುದು ಮೊದಲಿಗೆ ಒಂದು ದಾರಿ. ಅದಕ್ಕೊಂದು ಅಗಲ ಇದೆ, ಅದು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತದೆ, ಅದಕ್ಕೆ ಬಂದು ಸೇರುವ ದಾರಿಗಳೆಷ್ಟು ಎಂದು ಎಣಿಸಬಹುದು ಎಂಬ ಸರಳ ಸಂಗತಿಯ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ರೂಪಕದ ಮೋಹ ನಮ್ಮನ್ನೂ ಬಿಟ್ಟಿಲ್ಲ.

ಕಿಟೆಲ್ ನಿಘಂಟು ತೆಗೆದು ನೋಡಿದರೆ ಕೇರಿ ಅಂದರೆ ಬೀದಿ ಎಂದೇ ಅರ್ಥ. ಕರಾವಳಿಯ ಎಷ್ಟೋ ಊರುಗಳಲ್ಲಿ ಇವತ್ತಿಗೂ ಯಾವ ಜಾತಿಯವರ ಓಣಿಯಾದರೂ ಅದು ಕೇರಿಯೇ. ಬಯಲುಸೀಮೆಯಲ್ಲಿ ಮಾತ್ರ ‘ಅವನು ಕೇರಿಯವನು’ ಅಂದರೆ ಸಾಕು, ಮುಂದಕ್ಕೆ ಜಾತಿ ಹೇಳಬೇಕಾಗಿಲ್ಲ. ಎಲ್ಲರ ಬೀದಿಯನ್ನೂ ಸೂಚಿಸುತ್ತಿದ್ದ ಪದವೊಂದು ಊರಿಗೆ ಎದುರಾದ ಒಂದು ಜಾಗದ ಹೆಸರಾಗಿ ಕುಗ್ಗಿಹೋಗಿದೆ. ಬೀದಿ ಯಾವಾಗ ಕೇರಿಯಾಯಿತು ಎಂಬ ಪ್ರಶ್ನೆ ಭಾಷಾಶಾಸ್ತ್ರದವರದ್ದು ಮಾತ್ರ ಅಲ್ಲ. ಬೆಳೆಯುತ್ತಿರುವ ನಗರದಲ್ಲಿ ಹೊಸ ಬೀದಿಗಳು ಇವತ್ತು ಮತ್ತೆ ಹೇಗೆ ಕೇರಿ–ಊರುಗಳಾಗಿ ಒಡೆಯುತ್ತಿವೆ ಎಂದು ನೋಡುವುದಕ್ಕೂ ಇದೇ ಪ್ರಶ್ನೆ ಬೇಕು. ನಾನು ಇಲ್ಲಿ ಬೆಂಗಳೂರನ್ನು ಇಟ್ಟುಕೊಂಡು ಮಾತಾಡುತ್ತೇನೆ.

2

1991ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪ್ರದೇಶದ ಜನಸಂಖ್ಯೆ ಸುಮಾರು 41 ಲಕ್ಷ. 2001ಕ್ಕೆ 57 ಲಕ್ಷ, 2011ಕ್ಕೆ 85 ಲಕ್ಷ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಾ ಹತ್ತು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೂ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ಆಡಳಿತದ ಹೆಸರು ಬದಲಾಗುತ್ತಾ ಹೋಯಿತು, ನಗರ ಮಾತ್ರ ಹೊಲ, ತೋಟ, ಗೋಮಾಳಗಳ ಮೇಲೆ ಹರಡುತ್ತಲೇ ಇದೆ.

ಈ ಹರಡುವಿಕೆ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊಲವೊಂದನ್ನು ಕೊಂಡವನು ತನ್ನ ಸರ್ವೆ ನಂಬರಿನೊಳಗೆ ಸೈಟು ಕೊಯ್ಯುತ್ತಾನೆ. ಸೈಟು ಹೆಚ್ಚು ಬರಬೇಕು, ರಸ್ತೆಗೆ ಜಾಗ ಕಡಿಮೆ ಹೋಗಬೇಕು ಅನ್ನೋದೇ ಲೆಕ್ಕಾಚಾರ. ಪಕ್ಕದ ಸರ್ವೆ ನಂಬರಿನವನದೂ ಇದೇ ಲೆಕ್ಕ. ಇವನ ರಸ್ತೆ ಅವನ ಬೇಲಿಗೆ ಹೋಗಿ ನಿಲ್ಲುತ್ತದೆ. ಅವನ ರಸ್ತೆ ಇವನ ಕಾಂಪೌಂಡಿಗೆ ಬಂದು ನಿಲ್ಲುತ್ತದೆ. ಎರಡು ಮನೆಗಳ ನಡುವೆ ಒಂದು ಗೋಡೆ ಇರುತ್ತದೆ ಅಷ್ಟೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮುಖ್ಯರಸ್ತೆಗೆ ಬಂದು ಸುತ್ತಬೇಕು. ಇದರ ಜೊತೆಗೆ ದೊಡ್ಡ ಬಿಲ್ಡರುಗಳ ಗೇಟುಳ್ಳ ಬಡಾವಣೆಗಳು. ಹತ್ತಾರು ಎಕರೆಗೆ ಒಂದೋ ಎರಡೋ ಬಾಗಿಲು.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲಾರ್ಡ್-ಬಾಲ್ ಎಂಬ ಇಬ್ಬರು ಸಂಶೋಧಕರು 2020ರಲ್ಲಿ ಪ್ರಪಂಚದ ರಸ್ತೆ ನಕ್ಷೆಗಳನ್ನೆಲ್ಲ ಲೆಕ್ಕಹಾಕಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಕೂಡುರಸ್ತೆಯಲ್ಲಿ ಎಷ್ಟು ದಾರಿ ಸೇರುತ್ತವೆ, ಎಷ್ಟು ರಸ್ತೆಗಳು ಮುಂದೆ ದಾರಿಯಿಲ್ಲದೆ ನಿಲ್ಲುತ್ತವೆ, ನೇರ ದೂರಕ್ಕಿಂತ ಎಷ್ಟು ಸುತ್ತಬೇಕು ಎಂಬುದು ಅವರ ಅಳತೆಗೋಲುಗಳು. ಎಪ್ಪತ್ತರ ದಶಕದಿಂದೀಚೆಗೆ ಲೋಕದ ಬಹುಭಾಗದಲ್ಲಿ ಹೊಸ ಬೀದಿಗಳು ಹಳೆಯವಕ್ಕಿಂತ ಕಡಿಮೆ ಕೂಡಿಕೊಂಡಿವೆ ಎಂಬುದು ಅವರು ಕಂಡುಕೊಂಡ ಸತ್ಯ. ಕಟ್ಟಡ ಕೆಡವಿ ಮತ್ತೆ ಕಟ್ಟಬಹುದು, ಬೀದಿಯ ವಿನ್ಯಾಸ ಒಮ್ಮೆ ಬಿದ್ದರೆ ತಲೆಮಾರುಗಳ ಕಾಲ ಬದಲಾಗದು ಎಂಬ ಎಚ್ಚರಿಕೆಯೂ ಅಲ್ಲಿದೆ.

ಈ ಅಳತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಮಗೆ ಉಪಯೋಗಕ್ಕೆ ಬರುವ ಆಯುಧ ಇದು. ಆದರೆ ರೇಖಾಗಣಿತ ಹೇಳುವ ಕೂಡಿಕೆ ಒಂದು, ಜನ ನಡೆಯುವ ಕೂಡಿಕೆ ಇನ್ನೊಂದು. ನಕ್ಷೆಯಲ್ಲಿ ಎರಡು ಗೆರೆ ಸೇರಿದ ಮಾತ್ರಕ್ಕೆ ಅಲ್ಲಿ ನಡೆಯುವ ಎಲ್ಲರಿಗೂ ದಾರಿ ಬಿಟ್ಟಿತು ಅಂತ ಅಲ್ಲ. ನಗರ ಯೋಜಕರ ಅಳತೆ ನಿಲ್ಲುವ ಈ ಜಾಗದಿಂದಲೇ ದಲಿತ ವಿಮರ್ಶೆಯ ಕೆಲಸ ಶುರುವಾಗಬೇಕು.

3

ಈಚೆಗೆ ಬೆಂಗಳೂರಿನ ಬಗ್ಗೆ ಬರೆಯುವ ಸಜ್ಜನರಿಗೆಲ್ಲ ಹಳೆಯ ಪೇಟೆ, ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿಗಳ ಬಗ್ಗೆ ಒಂದು ಹಂಬಲ ಇದೆ. ‘ಎಷ್ಟು ಚೆನ್ನಾಗಿ ಕೂಡಿಕೊಂಡ ಬೀದಿಗಳು, ಎಲ್ಲಿಂದ ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದಿತ್ತು’ ಎಂಬ ಮಾತು. ನಿಜ, ಗೆರೆಗಳ ಲೆಕ್ಕದಲ್ಲಿ ಆ ಬಡಾವಣೆಗಳಿಗೆ ಪೂರ್ತಿ ಅಂಕ ಸಿಗುತ್ತದೆ. ಮೇನ್, ಕ್ರಾಸ್, ಮೇನ್, ಕ್ರಾಸ್. ಆದರೆ ನಡೆದು ಹೋಗುತ್ತಿದ್ದವರು ಯಾರು ಸ್ವಾಮಿ?

ಪೇಟೆಯ ಹೆಸರುಗಳನ್ನೇ ನೋಡಿ: ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿಯಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸುವ ಯೋಚನೆ ಇತ್ತೆಂಬುದನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಗಾಳಿ ಬೆಳಕಿನ ಹೊಸ ನಗರ, ನೇರವಾದ ಅಗಲ ರಸ್ತೆ, ಅದರೊಳಗೆ ಹಳೆಯ ಅಗ್ರಹಾರ.

ಇದಕ್ಕಿಂತ ದೊಡ್ಡ ಸಾಕ್ಷಿ ಆ ಮನೆಗಳ ಹಿಂದೆ ಇದೆ. ಕನ್ಸರ್ವೆನ್ಸಿ ಗಲ್ಲಿ ಎಂದು ಕರೆಯುವ ಸಣ್ಣ ಸಂದಿಗಳವು. ಒಳಚರಂಡಿ ಬರುವ ಮುಂಚೆ ಕಕ್ಕಸಿನ ಮಲ ಹೊರಲು ಬರುತ್ತಿದ್ದವರಿಗಾಗಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಬಿಟ್ಟ ದಾರಿ. ಮುಂಬಾಗಿಲಿಗೆ ಒಂದು ಬೀದಿ, ಹಿಂಬಾಗಿಲಿಗೆ ಒಂದು ಬೀದಿ. ಮುಂದಿನದರಲ್ಲಿ ರಾಮನವಮಿಯ ಚಪ್ಪರ, ಹಿಂದಿನದರಲ್ಲಿ ಮಲದ ಬಕೆಟ್ಟು. ಮುಂದಿನದಕ್ಕೆ ಹೆಸರಿದೆ, ಹಿಂದಿನದಕ್ಕೆ ಹೆಸರಿಲ್ಲ. ಮೇಲೆ ಹೇಳಿದ ಅಳತೆಗೋಲು ಹಿಡಿದು ಹೋದರೆ ಈ ಸಂದಿಯೂ ಎರಡೂ ಕಡೆ ತೆರೆದ ದಾರಿಯೇ. ಕೂಡಿಕೆಯ ಅಂಕವನ್ನು ಅದು ಹೆಚ್ಚಿಸುತ್ತದೆ! ಒಂದೇ ಬಡಾವಣೆಯಲ್ಲಿ ಎರಡು ಬೀದಿಜಾಲಗಳನ್ನು ಹೆಣೆದು, ಒಂದರ ಜನ ಇನ್ನೊಂದರ ಜನರ ಕಣ್ಣಿಗೆ ಬೀಳದ ಹಾಗೆ ಮಾಡಿದ ಈ ಜಾಣತನವನ್ನು ನಮ್ಮ ನಗರ ಚರಿತ್ರೆ ‘ನೈರ್ಮಲ್ಯ’ ಎಂದು ಕರೆಯಿತು. ಈಗ ಅಂಥ ಕೆಲವು ಗಲ್ಲಿಗಳ ಗೋಡೆಗೆ ಚಿತ್ರ ಬರೆದು ನಡೆದಾಡುವ ದಾರಿ ಮಾಡುತ್ತಿದ್ದಾರೆ. ಸಂತೋಷ. ಆದರೆ ಅಲ್ಲಿ ಯಾರು ಏನು ಹೊತ್ತು ನಡೆದರು ಎಂದು ಒಂದು ಸಾಲಿನ ಫಲಕವನ್ನಾದರೂ ಹಾಕುವುದು ಬೇಡವೆ?

ಹಾಗಾಗಿ ಕೇರಿಗೆ ದಾರಿ ಇರಲಿಲ್ಲ ಎಂಬುದು ಅರ್ಧ ಸತ್ಯ. ಚಾಕರಿಗೆ ಯಾವತ್ತೂ ದಾರಿ ಇತ್ತು. ಗೌಡನ ಹೊಲಕ್ಕೆ ಇತ್ತು, ಸತ್ತ ದನದ ಬಳಿಗೆ ಇತ್ತು, ಹಿತ್ತಲ ಬಾಗಿಲಿಗೆ ಇತ್ತು. ಕೆಲಸ ಮುಗಿದ ಮೇಲೆ ಅದೇ ಕಾಲು ಅದೇ ಬೀದಿಯಲ್ಲಿ ಸುಮ್ಮನೆ ನಡೆದು ಹೋಗುವುದಕ್ಕೆ ದಾರಿ ಇರಲಿಲ್ಲ. ಯಾವ ಕೆಲಸವೂ ಇಲ್ಲದೆ ಬೀದಿಯಲ್ಲಿ ಇರುವ ಹಕ್ಕು, ಅದೇ ಬೀದಿಯ ಹಕ್ಕು.

4

ಬೀದಿಯೇ ದಲಿತ ಹೋರಾಟದ ವಸ್ತುವಾಗಿದ್ದ ಚರಿತ್ರೆ ನಮಗೆ ಇದೆ. ತಿರುವಾಂಕೂರಿನಲ್ಲಿ ಅಯ್ಯಂಕಾಳಿ 1893ರಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಎತ್ತಿನಗಾಡಿ ಹೊಡೆದುಕೊಂಡು ಹೋದದ್ದೇ ಒಂದು ಬಂಡಾಯ. 1924ರ ಮಾರ್ಚ್ 30ರಂದು ಶುರುವಾದ ವೈಕಂ ಸತ್ಯಾಗ್ರಹವನ್ನು ಎಷ್ಟೋ ಜನ ದೇವಸ್ಥಾನ ಪ್ರವೇಶದ ಹೋರಾಟ ಎಂದೇ ತಿಳಿದಿದ್ದಾರೆ. ಅದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿನ ಹೋರಾಟ. 1925ರ ನವೆಂಬರಿನಲ್ಲಿ ಅದು ಮುಗಿದಾಗ ಆದ ರಾಜಿಯಲ್ಲಿ ಮೂರು ಕಡೆಯ ರಸ್ತೆಗಳು ಎಲ್ಲರಿಗೂ ತೆರೆದವು, ಪೂರ್ವದ ರಸ್ತೆ ತೆರೆಯಲಿಲ್ಲ. ಗುಡಿಯ ಬಾಗಿಲು ತೆರೆಯಲು 1936ರವರೆಗೆ ಕಾಯಬೇಕಾಯಿತು. ನಾಲ್ಕರಲ್ಲಿ ಮೂರು ರಸ್ತೆ! ರೇಖಾಗಣಿತದ ಲೆಕ್ಕಕ್ಕೆ ಎಪ್ಪತ್ತೈದು ಪರ್ಸೆಂಟು ಗೆಲುವು. ಉಳಿದ ಆ ಒಂದು ರಸ್ತೆಯಲ್ಲೇ ಜಾತಿ ಪೂರ್ತಿಯಾಗಿ ಉಳಿದುಕೊಂಡಿತ್ತು.

ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆಗಳಲ್ಲೂ ದಾರಿ ತಡೆಯುವುದು ಅಪರಾಧ. ಕಾನೂನು ಇಷ್ಟು ಸಲ ರಸ್ತೆಯ ಮಾತೆತ್ತಬೇಕಾಗಿ ಬಂದದ್ದು ಈ ದೇಶದಲ್ಲಿ ರಸ್ತೆ ಎಂದೂ ಬರೀ ರಸ್ತೆಯಾಗಿರಲಿಲ್ಲ ಎಂಬ ಕಾರಣಕ್ಕೆ. ಬೆಂಗಳೂರಿನ ಪಕ್ಕದಲ್ಲೇ ಇರುವ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ಬೀದಿಗೆ ಬಂದ ದೇವರ ಕೋಲನ್ನು ಒಬ್ಬ ದಲಿತ ಹುಡುಗ ಮುಟ್ಟಿದ ಅಂತ ಆ ಮನೆಗೆ ಅರವತ್ತು ಸಾವಿರ ರೂಪಾಯಿ ದಂಡ ಹಾಕಿದ್ದರು. ಬೀದಿ ಒಂದೇ ಆಗಿತ್ತು, ಆದರೆ ಅದು ದೇವರದ್ದಾಗಿತ್ತು.

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಆಡಿದ ಕಟುವಾದ ಮಾತುಗಳು ನಮಗೆಲ್ಲ ಗೊತ್ತು. ಹಳ್ಳಿ ಬಿಟ್ಟು ಬನ್ನಿ ಎಂಬ ಅವರ ಕರೆಯನ್ನು ನಗರದ ಮೋಹ ಎಂದು ಗಾಂಧಿವಾದಿಗಳು ಓದಿದರು. ನಮ್ಮಲ್ಲೂ ಕೆಲವರು ನಗರ ಅಂದರೆ ಕೆಲಸ, ಕಾಸು, ಶಿಕ್ಷಣ ಎಂದಷ್ಟೇ ಓದಿದರು. ಗಾಂಧಿ ಮತ್ತು ಅಂಬೇಡ್ಕರ್ ಮುಖಾಮುಖಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬದಲಿಸಿದರು ಎಂದು ಡಿ.ಆರ್. ನಾಗರಾಜ್ 1993ರಲ್ಲಿ ವಾದಿಸಿದ ಮೇಲೆ ಈ ಚರ್ಚೆಗೆ ಬೇರೆಯದೇ ಆಳ ಬಂತು. ಅದಕ್ಕೆ ನಾನು ಸೇರಿಸಬಯಸುವುದು ಇಷ್ಟೆ: ಹಳ್ಳಿಯ ಬೀದಿಯಲ್ಲಿ ನಡೆಯುವ ಪ್ರತಿಯೊಬ್ಬನೂ ಯಾರ ಮಗ, ಯಾವ ಕುಲ ಎಂಬುದು ಬೀದಿಗೆ ಮೊದಲೇ ಗೊತ್ತು. ನಗರದ ಬೀದಿಗೆ ಅದು ಗೊತ್ತಿಲ್ಲ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವ ಸಾವಿರ ಜನರಲ್ಲಿ ಒಬ್ಬನಾಗಿ, ಹೆಸರು ಹೇಳದೆ, ತಲೆ ಬಗ್ಗಿಸದೆ ನಡೆಯುವುದು ಅಲ್ಲಿ ಸಾಧ್ಯ. ನಗರ ದಲಿತನಿಗೆ ಕೊಟ್ಟ ಮೊದಲ ಸ್ವಾತಂತ್ರ್ಯ ಇದೇ. ಈ ಸ್ವಾತಂತ್ರ್ಯಕ್ಕೆ ಎರಡೂ ತುದಿ ತೆರೆದ ಬೀದಿ ಬೇಕು. ಮುಂದೆ ದಾರಿಯಿಲ್ಲದ ಬೀದಿಯಲ್ಲಿ ‘ಹಾದು ಹೋಗುವವರು’ ಇರುವುದಿಲ್ಲ. ಅಲ್ಲಿಗೆ ಬಂದ ಪ್ರತಿಯೊಬ್ಬನೂ ‘ಯಾರಪ್ಪಾ ನೀನು, ಯಾರ ಮನೆಗೆ ಬಂದೆ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಅಂದರೆ ಬೀದಿಗೆ ಮತ್ತೆ ಹಳ್ಳಿಯ ಕಣ್ಣು ಬಂತು ಅಂತಲೇ ಅರ್ಥ.

5

ಈ ಹಿನ್ನೆಲೆಯಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಮತ್ತೆ ಓದಬೇಕು ಅನ್ನಿಸುತ್ತದೆ. ಆತ್ಮಕಥೆಯ ಮೊದಲ ಭಾಗ 1990ರ ದಶಕದಲ್ಲಿ ಬಂದಾಗಿನಿಂದ ನಮ್ಮ ವಿಮರ್ಶೆ ಅದರ ಹಾಸ್ಯದ ಬಗ್ಗೆ, ಸಿಟ್ಟಿನ ಗೈರುಹಾಜರಿಯ ಬಗ್ಗೆ ಸಾಕಷ್ಟು ಚರ್ಚಿಸಿದೆ. ಅದರ ಬೀದಿಗಳನ್ನು ಮಾತ್ರ ನಾವು ಓದಲಿಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಭಾಗದಲ್ಲಿ ದಾರಿಗಳು ಯಜಮಾನರ ಹೊಲಕ್ಕೆ ಹೋಗುತ್ತವೆ. ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರ ಚಿತ್ರ ಅಲ್ಲಿದೆ. ಬೆಂಗಳೂರಿಗೆ, ಶ್ರೀರಾಮಪುರದ ಕೊಳೆಗೇರಿಗೆ ಬಂದ ಮೇಲೆ ಕಥನದ ನಡಿಗೆಯೇ ಬದಲಾಗುತ್ತದೆ. ಬಡತನ ಹೋಗುವುದಿಲ್ಲ, ಆದರೆ ಹುಡುಗನ ಮುಂದೆ ದಾರಿಗಳು ಕವಲೊಡೆಯುತ್ತವೆ: ಶಾಲೆ, ಹಾಸ್ಟೆಲು, ಸ್ಮಶಾನದ ಓದು, ಭಾಷಣ, ಸಭೆ, ಚಳವಳಿ. ‘ಊರುಕೇರಿ’ ಎಂದು ಎರಡು ಪದಗಳನ್ನು ನಡುವೆ ಗೆರೆಯೂ ಇಲ್ಲದೆ ಒಂದಾಗಿ ಬರೆಯುವ ಧೈರ್ಯ ಈ ನಡಿಗೆಯಿಂದ ಬಂದದ್ದು ಎಂಬುದು ನನ್ನ ಓದು.

ಶ್ರೀರಾಮಪುರ ಕೊಳೆಗೇರಿಯೇ ಇರಬಹುದು, ಆದರೆ ಅಲ್ಲಿಂದ ಮೆಜೆಸ್ಟಿಕ್ಕಿಗೆ, ಮಲ್ಲೇಶ್ವರಕ್ಕೆ ಕಾಲ್ನಡಿಗೆಯಲ್ಲಿ ಹೋಗಬಹುದು. ಒಬ್ಬ ಬಡ ಹುಡುಗ ಬಸ್ಸಿನ ಕಾಸಿಲ್ಲದೆ ನಗರವನ್ನು ಮುಟ್ಟಬಹುದಾದ ಜಾಗ ಅದು. ಈಗ 2013ರ ಜನವರಿಗೆ ಬನ್ನಿ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗಾಗಿ ಕಟ್ಟಿದ್ದ ವಸತಿಗಳ ಜಾಗವನ್ನು ತೆರವು ಮಾಡಿದರು. ಸುಮಾರು ಒಂದೂವರೆ ಸಾವಿರ ಕುಟುಂಬಗಳು ಬೀದಿಗೆ ಬಿದ್ದವು, ಅವರಲ್ಲಿ ದೊಡ್ಡ ಪಾಲು ದಲಿತರು, ಮುಸ್ಲಿಮರು, ಕ್ರೈಸ್ತರು. ಅವರಿಗೆ ತೋರಿಸಿದ ಜಾಗ ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆ, ಹತ್ತು ಕಿಲೋಮೀಟರಿಗೂ ಆಚೆ. ಈಜಿಪುರದಿಂದ ಕೋರಮಂಗಲದ ಮನೆಗೆಲಸಕ್ಕೆ ನಡೆದು ಹೋಗುತ್ತಿದ್ದ ಹೆಂಗಸು ಅಲ್ಲಿಂದ ಹೇಗೆ ಬರಬೇಕು? ಅವಳ ಮಗ ಸಂಜೆ ಒಂದು ಲೈಬ್ರರಿಗೆ, ಒಂದು ಸಭೆಗೆ, ಒಂದು ಮೆರವಣಿಗೆಗೆ ಹೋಗಿ ರಾತ್ರಿ ಮನೆ ಸೇರುವುದು ಹೇಗೆ? ನಗರ ಹರಡುವುದು ಅಂದರೆ ಮನೆಗಳು ದೂರ ಹೋಗುವುದು ಮಾತ್ರ ಅಲ್ಲ. ಇನ್ನೊಬ್ಬ ಸಿದ್ಧಲಿಂಗಯ್ಯ ನಡೆದು ಬರಬೇಕಾದ ದಾರಿಯೂ ಅಷ್ಟೇ ದೂರ ಹೋಗುತ್ತದೆ. ಕನ್ನಡ ಸಾಹಿತ್ಯಕ್ಕೆ ಇದು ಹೊರಗಿನ ವಿಷಯ ಎಂದು ಯಾರಾದರೂ ಹೇಳಬಲ್ಲರೆ?

6

‘ಇದೆಲ್ಲ ವರ್ಗದ ಪ್ರಶ್ನೆ, ಸುಮ್ಮನೆ ಜಾತಿ ತರಬೇಡಿ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಬೆಂಗಳೂರಿನ ಐಐಎಂನಲ್ಲಿದ್ದ ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರೆಹಮಾನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರವಾಗಬಲ್ಲದು. 2011ರ ಜನಗಣತಿಯ ಅಂಕಿಗಳನ್ನು ವಾರ್ಡಿಗಿಂತ ಕೆಳಗೆ, ಗಣತಿದಾರನೊಬ್ಬ ಸುತ್ತುವಷ್ಟು ಸಣ್ಣ ಭಾಗಗಳಿಗೆ ಇಳಿಸಿ ಅವರು ನೋಡಿದರು. ವಾರ್ಡಿನ ಮಟ್ಟದಲ್ಲಿ ಬೆರೆತಂತೆ ಕಾಣುವ ಮಹಾನಗರಗಳು ಒಳಗೆ ಜಾತಿವಾರು ಬೇರೆ ಬೇರೆಯಾಗಿಯೇ ಕೂತಿವೆ ಎಂಬುದು ಆಗ ಕಂಡಿತು. ಒಂದು ಗೋಡೆ, ಒಂದು ಚರಂಡಿ, ಒಂದು ತಿರುವು ಸಾಕು. ನಗರ ನುಂಗಿದ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ. ಹಳೆಯ ಗ್ರಾಮಠಾಣದ ಒಂದು ಮೂಲೆಯಲ್ಲಿ ಎ.ಕೆ. ಕಾಲೋನಿಯೋ ಜನತಾ ಕಾಲೋನಿಯೋ ಇರುತ್ತದೆ, ಅದರ ಬೆನ್ನಿಗೆ ಅಪಾರ್ಟ್‌ಮೆಂಟಿನ ಕಾಂಪೌಂಡು. ಹಳ್ಳಿ ಹೋಗಿ ನಗರ ಬಂದರೂ ಕೇರಿಯ ಜಾಗ ಕದಲಿಲ್ಲ. ಅದಕ್ಕಿದ್ದ ಕಾಲುದಾರಿ ಮಾತ್ರ ಹೋಯಿತು.

ಹೋದ ವರ್ಷ ಪರಿಚಿತರನ್ನು ಕಾಣಲು ಇಂಥದೊಂದು ಬಡಾವಣೆಗೆ ಹೋಗಿದ್ದೆ. ಗೇಟಿನಲ್ಲಿ ಹೆಸರು, ಊರು, ಯಾವ ಮನೆ, ಏನು ಕೆಲಸ ಎಂದು ಬರೆಸಿಕೊಂಡ ಸೆಕ್ಯೂರಿಟಿಯವರು ರಾಯಚೂರು ಕಡೆಯವರು. ಒಳಗೆ ಲಿಫ್ಟು ಎಲ್ಲಿ ಅಂತ ಕೇಳಿದರೆ, ‘ನಿಮಗ ಆ ಕಡೀದು ಸರ್. ಈ ಕಡೀದು ಕೆಲಸದವರಿಗಿ. ನಾವೂ ಇದ್ರಾಗೇ ಹೋಗೋದ್ರಿ’ ಅಂದರು. ಕನ್ಸರ್ವೆನ್ಸಿ ಗಲ್ಲಿ ಎದ್ದು ನಿಂತು ಲಿಫ್ಟ್ ಆಗಿದೆ ಅನ್ನಿಸಿತು. ಊರು ಕಾಯುವ ತಳವಾರಿಕೆಯೂ ಹಾಗೇ ಬಂದಿದೆ, ಸಮವಸ್ತ್ರ ಹಾಕಿಕೊಂಡು.

ವಿಚಿತ್ರ ಏನೆಂದರೆ ಈ ಗೇಟುಗಳ ಹಿಂದಿನ ಎಷ್ಟೋ ರಸ್ತೆಗಳು ಕಾನೂನಿನ ಪ್ರಕಾರ ಅವರವಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಬಡಾವಣೆಗೆ ಒಪ್ಪಿಗೆ ಪಡೆಯುವಾಗ ರಸ್ತೆ, ಪಾರ್ಕುಗಳನ್ನು ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು, ಅಲ್ಲಿ ಜನರನ್ನು ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಮೊಕದ್ದಮೆಯಲ್ಲಿ ಜಾತಿಯ ಮಾತು ಇರಲಿಲ್ಲ. ಆದರೂ ಆ ತೀರ್ಪನ್ನು 15(2)ರ ಪಕ್ಕದಲ್ಲಿಟ್ಟು ಓದುವ ಕೆಲಸ ನಮ್ಮದು.

ಹರಡುವಿಕೆಯ ಇನ್ನೊಂದು ಮುಖ ಜಮೀನು. ನಗರದಂಚಿನಲ್ಲಿ ದಲಿತರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತಡವಾಗಿ ಬಂದವರಿಗೆ ಜಮೀನು ಮರಳಿ ಸಿಗದು ಎಂಬರ್ಥದ ತೀರ್ಪು ಕೊಟ್ಟಿತು. ಧರಣಿ, ಹೋರಾಟಗಳ ಮೇಲೆ 2023ರಲ್ಲಿ ಸರ್ಕಾರ ಕಾಲಮಿತಿಯನ್ನು ತೆಗೆಯುವ ತಿದ್ದುಪಡಿ ತಂದಿತು. ದಾರಿಯಿಲ್ಲದಾಗ ಆ ಜಮೀನು ದಲಿತರದ್ದು. ರಸ್ತೆ ಬರುತ್ತದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಕೊಳ್ಳುವವರು ಬರುತ್ತಾರೆ.

7

ಹಾಗಾದರೆ ದಲಿತ ವಿಮರ್ಶೆ ಮಾಡಬೇಕಾದ್ದೇನು? ನಕ್ಷೆಯೂ ಒಂದು ಪಠ್ಯ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ಕಾವ್ಯವನ್ನು ಓದುವಷ್ಟೇ ಅನುಮಾನದಿಂದ ಬಡಾವಣೆಯ ಪ್ಲಾನನ್ನೂ ಓದಬೇಕು. ಇದರ ಗೆರೆ ಎಳೆದವರು ಯಾರು, ಯಾರ ಮನೆಯಿಂದ ಎಲ್ಲಿಗೆ ದಾರಿ, ಯಾವ ಬಾಗಿಲು ಯಾರಿಗೆ, ಕೇಳಿದರೆ ಯಾರ ಹೆಸರು ಕೇಳುತ್ತಾರೆ?

ಎರಡನೆಯದು ವಿದ್ಯಾರ್ಥಿಗಳೂ ಕಾರ್ಯಕರ್ತರೂ ನಾಳೆಯೇ ಶುರುಮಾಡಬಹುದಾದ ಕೆಲಸ. ನಮ್ಮ ಕಂದಾಯ ದಾಖಲೆಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಒಂದು ಚಂದದ ಮಾತಿದೆ. ಗ್ರಾಮ ನಕಾಶೆಯಲ್ಲಿ ಗುರುತಾದ ಬಂಡಿದಾರಿ, ಕಾಲುದಾರಿಗಳು ಸಾರ್ವಜನಿಕರವು. ಬಿ ಖರಾಬಿನಲ್ಲಿ ಸೇರಿದ ಕೆರೆ, ಸ್ಮಶಾನ, ದಾರಿಗಳನ್ನು ಖಾಸಗಿಯವರು ಬೇಲಿ ಹಾಕಿ ನುಂಗುವಂತಿಲ್ಲ. ನಗರ ನುಂಗಿದ ಹಳ್ಳಿಗಳ ಹಳೆಯ ನಕಾಶೆಯ ನಕಲು ತೆಗೆಸಿ, ಕೇರಿಯಿಂದ ಕೆರೆಗೆ, ಕೇರಿಯಿಂದ ಸ್ಮಶಾನಕ್ಕೆ, ಕೇರಿಯಿಂದ ಶಾಲೆಗೆ ಇದ್ದ ದಾರಿ ಈಗ ಯಾವ ಕಾಂಪೌಂಡಿನ ಒಳಗೆ ಸೇರಿದೆ ಎಂದು ಕಾಲ್ನಡಿಗೆಯಲ್ಲಿ ಹೋಗಿ ಗುರುತು ಮಾಡಬೇಕು. ಇದು ವಿಮರ್ಶೆಯೋ ಚಳವಳಿಯೋ ಎಂದು ವಿಂಗಡಿಸುವ ಗೋಜು ಬೇಡ. ನಮ್ಮ ಹಿರಿಯರು ಅದನ್ನು ವಿಂಗಡಿಸಿರಲಿಲ್ಲ.

ಮೂರನೆಯದಾಗಿ, ‘ಕೂಡುರಸ್ತೆ ಹೆಚ್ಚಿಸಿ, ಗೋಡೆ ಒಡೆಯಿರಿ’ ಎನ್ನುವ ನಗರ ತಜ್ಞರ ಜೊತೆ ನಾವು ನಿಲ್ಲಬೇಕು, ಆದರೆ ನಮ್ಮ ಷರತ್ತಿನ ಮೇಲೆ. ಅವರು ಟ್ರಾಫಿಕ್ಕಿಗೆ, ಹೊಗೆಗೆ, ಪೆಟ್ರೋಲಿಗೆ ಪರಿಹಾರವಾಗಿ ದಾರಿ ಕೇಳುತ್ತಿದ್ದಾರೆ. ನಾವು ಕೇಳುವುದು ಹೆಸರು ಕೇಳದ ಬೀದಿಯನ್ನು. ಎರಡೂ ಬೇಡಿಕೆ ಒಂದೇ ರಸ್ತೆಯಲ್ಲಿ ಸ್ವಲ್ಪ ದೂರ ಜೊತೆಗೆ ಹೋಗಬಹುದು. ವೈಕಂನ ಹಾಗೆ ಮೂರು ರಸ್ತೆ ತೆರೆದು ನಾಲ್ಕನೆಯದಕ್ಕೆ ರಾಜಿ ಮಾಡಿಕೊಳ್ಳಿ ಎಂಬ ಮಾತು ಬಂದಾಗ ಮಾತ್ರ ಆ ನಾಲ್ಕನೆಯ ರಸ್ತೆಯಲ್ಲಿ ನಾವು ಕೂತಿರಬೇಕು.